ಓದು ಬಾರದವರನ್ನು ಲೇಬಲ್ ಕಾಯಬಲ್ಲದೇ? ಅಮೆರಿಕದ ಮನೆಗಳಲ್ಲಿ ಕಾಸ್ಟಿಕ್ ಸೋಡಾ ನಿಯಂತ್ರಣಕ್ಕೆ ಬಂದ ಬಗೆ

ಮನೆಯೊಳಗೆ ಬರುವ ಅಪಾಯಕಾರಿ ವಸ್ತುವನ್ನು ಸರ್ಕಾರ ಹತೋಟಿಗೆ ತರಲು ಹೊರಟಾಗ ಅದರ ಕೈಗೆ ಮೊದಲು ಸಿಗುವ ಸಾಧನ ಲೇಬಲ್. ಡಬ್ಬಿಯ ಮೇಲೆ ಏನು ಬರೆಯಬೇಕು, ಎಷ್ಟು ದೊಡ್ಡ ಅಕ್ಷರದಲ್ಲಿ ಬರೆಯಬೇಕು ಎಂದು ವಿಧಿಸುವುದು ತಯಾರಕರಿಗೆ ಹೆಚ್ಚು ಖರ್ಚಿನದಲ್ಲ, ಶಾಸಕರಿಗೆ ಹೆಚ್ಚು ವಿರೋಧ ತರುವಂಥದ್ದೂ ಅಲ್ಲ. ಆದರೆ ಮನೆಯ ರಾಸಾಯನಿಕಗಳಿಂದ ಹೆಚ್ಚಾಗಿ ಗಾಯಗೊಳ್ಳುವವರು ಇನ್ನೂ ಅಕ್ಷರ ಕಲಿಯದ ಪುಟ್ಟ ಮಕ್ಕಳು. ಲೇಬಲ್ ಮಾತನಾಡುವುದು ಒಬ್ಬರೊಡನೆ, ಅಪಾಯ ಕಾದಿರುವುದು ಇನ್ನೊಬ್ಬರಿಗೆ. ಈ ಅಂತರವನ್ನು ಕಾನೂನು ಹೇಗೆ ಗುರುತಿಸಿತು, ಗುರುತಿಸಲು ಎಷ್ಟು ಕಾಲ ಹಿಡಿಯಿತು ಎಂಬುದನ್ನು ತಿಳಿಯಲು ಅಮೆರಿಕ ಸಂಯುಕ್ತ ಸಂಸ್ಥಾನದ ಒಂದೇ ವಸ್ತುವಿನ ಕಥೆ ಸಾಕು. ಅಲ್ಲಿನ ಮನೆಮಾತಿನಲ್ಲಿ ಲೈ ಎಂದು ಕರೆಯುವ ಕಾಸ್ಟಿಕ್ ಸೋಡಾ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್, ಈ ಪ್ರಕರಣದ ವಿಷಯ.

ವಸ್ತುವಿನ ಗುಣ, ಗಾಯದ ಸ್ವರೂಪ

ಸೋಡಿಯಂ ಹೈಡ್ರಾಕ್ಸೈಡ್ ಪ್ರಬಲವಾದ ಕ್ಷಾರ. ಅದು ಕೊಬ್ಬನ್ನು ಸಾಬೂನಾಗಿಸುತ್ತದೆ, ಪ್ರೋಟೀನನ್ನು ಕರಗಿಸುತ್ತದೆ. ಮನೆಯಲ್ಲಿ ಸಾಬೂನು ತಯಾರಿಸಲು, ಜಿಡ್ಡು ಕಟ್ಟಿದ ಪಾತ್ರೆ ತೊಳೆಯಲು, ಕಟ್ಟಿಕೊಂಡ ಸಿಂಕಿನ ಕೊಳವೆ ಬಿಡಿಸಲು ಜನ ಅದನ್ನು ಬಳಸುತ್ತಿದ್ದುದು ಈ ಗುಣಕ್ಕಾಗಿಯೇ. ಮಗುವಿನ ಅನ್ನನಾಳಕ್ಕೆ ಇಳಿದಾಗಲೂ ಅದು ಮಾಡುವ ಕೆಲಸ ಇದೇ. ಪ್ರಬಲ ಆಮ್ಲ ತಾಗಿದ ಅಂಗಾಂಶ ಹೆಪ್ಪುಗಟ್ಟುತ್ತದೆ, ಮತ್ತು ಆ ಹೆಪ್ಪು ಒಳಗಿನ ಪದರಗಳಿಗೆ ತಕ್ಕಮಟ್ಟಿಗೆ ಅಡ್ಡವಾಗಿ ನಿಲ್ಲುತ್ತದೆ. ಕ್ಷಾರದ ವಿಷಯದಲ್ಲಿ ಅಂಥ ತಡೆ ಇಲ್ಲ. ಅದು ಅಂಗಾಂಶವನ್ನು ಕರಗಿಸಿ ದ್ರವವಾಗಿಸುತ್ತಾ ಆಳಕ್ಕೆ ಇಳಿಯುತ್ತದೆ.

ತಕ್ಷಣದ ಸುಟ್ಟಗಾಯದಿಂದ ಬದುಕಿ ಉಳಿದ ಮಗುವಿಗೆ ನಿಜವಾದ ಕಷ್ಟ ಆರಂಭವಾಗುವುದು ಕೆಲವು ವಾರಗಳ ನಂತರ. ಗಾಯ ಮಾಯುತ್ತಾ ಬಂದಂತೆ ಅನ್ನನಾಳದಲ್ಲಿ ಗಟ್ಟಿಯಾದ ಕಲೆ ಬೆಳೆಯುತ್ತದೆ, ನಾಳ ಕುಗ್ಗುತ್ತದೆ. ಮೊದಲು ಗಟ್ಟಿ ಆಹಾರ, ಆಮೇಲೆ ಹಾಲು, ಕೊನೆಗೆ ನೀರೂ ಇಳಿಯದಂತಾಗುತ್ತದೆ. ಚಿಕಿತ್ಸೆಯೂ ಸುಲಭದ್ದಾಗಿರಲಿಲ್ಲ. ಹೊಟ್ಟೆಗೆ ರಂಧ್ರ ಮಾಡಿ ಅದರ ಮೂಲಕ ಆಹಾರ ಕೊಡುತ್ತಾ, ಮಗು ನುಂಗಿದ ದಾರದ ಒಂದು ತುದಿಯನ್ನು ಆ ರಂಧ್ರದಿಂದ ಹೊರತೆಗೆದು, ದಾರಕ್ಕೆ ಕಟ್ಟಿದ ಮೃದುವಾದ ಕಡ್ಡಿಗಳನ್ನು ಕೆಳಗಿನಿಂದ ಮೇಲಕ್ಕೆ ಎಳೆದು ನಾಳವನ್ನು ಸ್ವಲ್ಪಸ್ವಲ್ಪವಾಗಿ ಹಿಗ್ಗಿಸುವ ವಿಧಾನವನ್ನು 1920ರ ದಶಕದಲ್ಲಿ ವೈದ್ಯ ಗೇಬ್ರಿಯಲ್ ಟಕರ್ ರೂಪಿಸಿದರು. ಅದನ್ನು ಒಂದೆರಡು ಬಾರಿ ಮಾಡಿ ಮುಗಿಸುವಂತಿರಲಿಲ್ಲ; ತಿಂಗಳುಗಟ್ಟಲೆ, ಹಲವರಿಗೆ ವರ್ಷಗಟ್ಟಲೆ, ಅದೇ ಕ್ರಮ ಮುಂದುವರಿಯುತ್ತಿತ್ತು. ಲೇಬಲ್ಲಿನ ಅಕ್ಷರದ ಅಳತೆಯಂಥ ಸಣ್ಣ ಸಂಗತಿಗಾಗಿ ವೈದ್ಯರು ಅಷ್ಟು ಹಠ ಹಿಡಿದದ್ದೇಕೆ ಎಂಬುದಕ್ಕೆ ಈ ಚಿಕಿತ್ಸೆಯನ್ನು ಕಂಡವರಿಗೆ ಬೇರೆ ಕಾರಣ ಬೇಕಾಗಿರಲಿಲ್ಲ.

ಕಾನೂನಿಲ್ಲದ ಜಾಗ

ಟಕರ್ ಅವರ ಹಿರಿಯ ಸಹೋದ್ಯೋಗಿ ಚೆವಲಿಯರ್ ಜಾಕ್ಸನ್. 1865ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಹುಟ್ಟಿ, ಮುಂದೆ ಫಿಲಡೆಲ್ಫಿಯಾದಲ್ಲಿ ನೆಲೆಸಿದ ಈ ಗಂಟಲು ತಜ್ಞರು, ತುದಿಯಲ್ಲಿ ದೀಪವಿರುವ ಕೊಳವೆಯನ್ನು ಬಾಯಿಯ ಮೂಲಕ ಇಳಿಸಿ ಶ್ವಾಸನಾಳ ಮತ್ತು ಅನ್ನನಾಳಗಳ ಒಳಗನ್ನು ನೋಡುವ, ಅಲ್ಲಿ ಸಿಕ್ಕಿಕೊಂಡ ವಸ್ತುಗಳನ್ನು ಹೊರತೆಗೆಯುವ ವಿದ್ಯೆಯನ್ನು ಬೆಳೆಸಿದವರಲ್ಲಿ ಅಗ್ರಗಣ್ಯರು. ಅವರು ಹಾಗೆ ತೆಗೆದ ಗುಂಡಿ, ಪಿನ್ನು, ನಾಣ್ಯ ಮೊದಲಾದ 2,374 ವಸ್ತುಗಳ ಸಂಗ್ರಹ ಇಂದಿಗೂ ಫಿಲಡೆಲ್ಫಿಯಾದ ಮಟರ್ ಮ್ಯೂಸಿಯಂನಲ್ಲಿದೆ. ಆದರೆ ಅವರ ಸಾರ್ವಜನಿಕ ಹೋರಾಟ ನಡೆದದ್ದು ಹೊರತೆಗೆಯಲು ಏನೂ ಉಳಿಯದ ಪ್ರಕರಣಗಳಿಗಾಗಿ, ಲೈ ನುಂಗಿದ ಮಕ್ಕಳಿಗಾಗಿ.

ಜಾಕ್ಸನ್ ಎತ್ತಿದ ಪ್ರಶ್ನೆ ನೇರವಾಗಿತ್ತು. ಔಷಧ ಅಂಗಡಿಯವನು ವಿಷವನ್ನು ಮಾರುವಾಗ ಅದರ ಮೇಲೆ ವಿಷವೆಂದು ಬರೆಯಬೇಕು. ಅಂಥದ್ದೇ ಹಾನಿ ಮಾಡುವ ಕ್ಷಾರವನ್ನು ಕಿರಾಣಿ ಅಂಗಡಿಯವನು ಅಡುಗೆಯ ಸಾಮಾನಿನ ಜೊತೆಯಲ್ಲೇ, ಅಂಥದ್ದೇ ತಗಡಿನ ಡಬ್ಬಿಯಲ್ಲಿ, ಯಾವ ಎಚ್ಚರಿಕೆಯೂ ಇಲ್ಲದೆ ಮಾರಬಹುದೇ? ಆಗಿನ ಒಕ್ಕೂಟ ಕಾನೂನಿನಲ್ಲಿ ಇದಕ್ಕೆ ಉತ್ತರವಿರಲಿಲ್ಲ. 1906ರ ಕಾಯ್ದೆ ಆಹಾರಕ್ಕೂ ಔಷಧಕ್ಕೂ ಸಂಬಂಧಿಸಿದ್ದು, 1910ರದ್ದು ಕೀಟನಾಶಕಗಳಿಗೆ. ಕೊಳವೆ ತೊಳೆಯುವ ಕ್ಷಾರ ತಿನ್ನುವ ವಸ್ತುವಲ್ಲ, ಮದ್ದಲ್ಲ, ಕೀಟನಾಶಕವೂ ಅಲ್ಲ. ದೇಶದ ಬಹುಪಾಲು ಮನೆಗಳ ಅಡುಗೆಕೋಣೆಯಲ್ಲಿ ಇರಬಹುದಾದ ವಸ್ತು ಯಾವ ಕಾನೂನಿನ ವ್ಯಾಖ್ಯೆಗೂ ಸಿಗದೆ ಉಳಿದಿತ್ತು. ವಸ್ತುವನ್ನು ಅದರ ಉದ್ದೇಶದಿಂದ ವಿಂಗಡಿಸುವ ಕಾನೂನುಗಳಲ್ಲಿ ಈ ಬಿರುಕು ಇದ್ದೇ ಇರುತ್ತದೆ ಎಂದು ನನ್ನ ಭಾವನೆ. ಮಗುವಿನ ಬಾಯಿಗೆ ಉದ್ದೇಶದ ಗೊಡವೆ ಇಲ್ಲ.

1927ರ ಕಾಯ್ದೆ ಮತ್ತು ಅದರ ಅಕ್ಷರಗಳು

ಅಮೆರಿಕನ್ ವೈದ್ಯಕೀಯ ಸಂಘದ ಬೆಂಬಲದೊಂದಿಗೆ ಜಾಕ್ಸನ್ ಹಲವು ವರ್ಷ ನಡೆಸಿದ ಪ್ರಯತ್ನದ ಫಲವಾಗಿ ಒಕ್ಕೂಟದ ದಾಹಕ ವಿಷಗಳ ಕಾಯ್ದೆ ಸಂಸತ್ತಿನ ಒಪ್ಪಿಗೆ ಪಡೆಯಿತು. ಅಧ್ಯಕ್ಷ ಕಾಲ್ವಿನ್ ಕೂಲಿಜ್ 1927ರ ಮಾರ್ಚ್ 4ರಂದು ಅದಕ್ಕೆ ಸಹಿ ಹಾಕಿದರು. ಕಾಯ್ದೆ ಹನ್ನೆರಡು ಬಗೆಯ ವಸ್ತುಗಳನ್ನು ಹೆಸರಿಸಿ, ಪ್ರತಿಯೊಂದಕ್ಕೂ ಒಂದು ಸಾಂದ್ರತೆಯ ಗಡಿಯನ್ನು ಹಾಕಿತು: ಸೋಡಿಯಂ ಹಾಗೂ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ಗಳಿಗೆ ಶೇಕಡಾ 10, ಹೈಡ್ರೋಕ್ಲೋರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳಿಗೂ ಶೇಕಡಾ 10, ನೈಟ್ರಿಕ್ ಆಮ್ಲ, ಕಾರ್ಬಾಲಿಕ್ ಆಮ್ಲ, ಅಮೋನಿಯಾಗಳಿಗೆ ಶೇಕಡಾ 5, ಅಸೆಟಿಕ್ ಆಮ್ಲಕ್ಕೆ ಶೇಕಡಾ 20, ಹೀಗೆ. ಆ ಗಡಿಯನ್ನು ಮುಟ್ಟುವ ಅಥವಾ ಮೀರುವ, ಮನೆಬಳಕೆಗೆ ತಕ್ಕ ಪೊಟ್ಟಣ ರಾಜ್ಯದಿಂದ ರಾಜ್ಯಕ್ಕೆ ಸಾಗಬೇಕಾದರೆ ಅದರ ಮೇಲೆ ವಸ್ತುವಿನ ರೂಢಿಯ ಹೆಸರು, ತಯಾರಕ ಅಥವಾ ಮಾರಾಟಗಾರನ ಹೆಸರು ಮತ್ತು ಊರು, ಆಕಸ್ಮಿಕವಾಗಿ ಗಾಯವಾದರೆ ಮಾಡಬೇಕಾದ ಚಿಕಿತ್ಸೆ, ಜೊತೆಗೆ 'ವಿಷ' ಎಂಬ ಪದ ಇರಲೇಬೇಕು. ಆ ಒಂದು ಪದ ಹೇಗೆ ಅಚ್ಚಾಗಬೇಕು ಎಂಬುದನ್ನೂ ಕಾಯ್ದೆ ಬಿಡಿಸಿ ಹೇಳಿತು. ಅದು ಲೇಬಲ್ಲಿನ ಮುಖ್ಯ ಬರಹಕ್ಕೆ ಸಮಾನಾಂತರವಾಗಿ, ಎದ್ದು ಕಾಣುವ ಬೇರೆ ಬಣ್ಣದ ಹಿನ್ನೆಲೆಯ ಮೇಲೆ, ಒತ್ತೊತ್ತಾಗಿರದ ದಪ್ಪ ಅಕ್ಷರಗಳಲ್ಲಿ ಇರಬೇಕು. ಅಕ್ಷರದ ಅಳತೆ 24 ಪಾಯಿಂಟ್‌ಗಿಂತ ಚಿಕ್ಕದಿರಬಾರದು, ಲೇಬಲ್ಲಿನಲ್ಲಿ ಬೇರೆಲ್ಲೂ ಅಷ್ಟು ದೊಡ್ಡ ಅಕ್ಷರವಿಲ್ಲದಿದ್ದರೆ ಅಲ್ಲಿರುವ ಅತಿ ದೊಡ್ಡ ಅಕ್ಷರಕ್ಕಿಂತಲಾದರೂ ಚಿಕ್ಕದಾಗಿರಬಾರದು.

ಈ ಸೂಕ್ಷ್ಮತೆಯನ್ನು ಅಧಿಕಾರಶಾಹಿಯ ಕಿರಿಕಿರಿ ಎಂದು ತಳ್ಳಿಹಾಕುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಎಚ್ಚರಿಕೆ ಇರಬೇಕು ಎಂದಷ್ಟೇ ಹೇಳುವ ಕಾನೂನು, ಆ ಎಚ್ಚರಿಕೆಯನ್ನು ಡಬ್ಬಿಯ ಹಿಂಬದಿಯ ತಳದಲ್ಲಿ, ಬಣ್ಣದೊಳಗೆ ಬಣ್ಣ ಸೇರಿಸಿ ಅಚ್ಚು ಹಾಕುವ ಸ್ವಾತಂತ್ರ್ಯವನ್ನೂ ಕೊಟ್ಟಂತೆಯೇ. ಮಾರಾಟದ ಮುಖವಾದ ಲೇಬಲ್ಲಿನಲ್ಲಿ ಜಾಗ ಬೆಲೆಬಾಳುವಂಥದ್ದು. ಅದನ್ನು ಎಚ್ಚರಿಕೆಗಾಗಿ ಕಾನೂನೇ ಕಾಯ್ದಿರಿಸದಿದ್ದರೆ ಯಾರೂ ತಾವಾಗಿ ಬಿಟ್ಟುಕೊಡುವುದಿಲ್ಲ.

ಆದರೂ ಆ ಕಾಯ್ದೆಗೆ ಮೂರು ಮಿತಿಗಳಿದ್ದವು. ಒಕ್ಕೂಟದ ಅಧಿಕಾರ ರಾಜ್ಯಗಳ ನಡುವಿನ ವ್ಯಾಪಾರಕ್ಕೆ ಸೀಮಿತವಾಗಿದ್ದುದರಿಂದ ಒಂದೇ ರಾಜ್ಯದೊಳಗೆ ತಯಾರಾಗಿ ಅಲ್ಲೇ ಮಾರಾಟವಾದ ಸರಕು ರಾಜ್ಯದ ಕಾನೂನಿಗೆ ಬಿಟ್ಟದ್ದಾಗಿತ್ತು. ಎರಡನೆಯದು ಪಟ್ಟಿ. ಹನ್ನೆರಡರ ಹೊರಗಿದ್ದ ಹದಿಮೂರನೆಯ ವಸ್ತು ಎಷ್ಟೇ ಅಪಾಯಕಾರಿಯಾಗಿದ್ದರೂ ಕಾಯ್ದೆಗೆ ಅದು ಕಾಣಿಸುತ್ತಿರಲಿಲ್ಲ. ಮೂರನೆಯದು ಲೇಬಲ್ಲಿನ ಮೇಲಿನ ಚಿಕಿತ್ಸೆಯ ಸೂಚನೆ. ಕ್ಷಾರ ನುಂಗಿದವರಿಗೆ ವಿನಿಗರ್, ನಿಂಬೆರಸದಂಥ ಹುಳಿ ಕುಡಿಸಬೇಕು ಎಂಬುದು ಆ ಕಾಲದ ತಿಳಿವಳಿಕೆ. ಹುಳಿ ಮತ್ತು ಕ್ಷಾರ ಸೇರಿದಾಗ ಹುಟ್ಟುವ ಶಾಖ ಗಾಯವನ್ನು ಹೆಚ್ಚಿಸಬಹುದು ಎಂಬ ಕಾರಣಕ್ಕೆ ವೈದ್ಯರು ಈಗ ಅದನ್ನು ಬೇಡವೆನ್ನುತ್ತಾರೆ. ವಾಂತಿ ಮಾಡಿಸಿದರೆ ಕ್ಷಾರ ಅನ್ನನಾಳವನ್ನು ಎರಡನೆಯ ಬಾರಿ ಸುಡುವುದರಿಂದ ಅದೂ ಕೂಡದು. ವೈದ್ಯವಿಜ್ಞಾನ ತನ್ನ ಮಾತನ್ನು ತಿದ್ದಿಕೊಳ್ಳಬಹುದು, ಆದರೆ ಕಪಾಟಿನಲ್ಲಿ ವರ್ಷಗಟ್ಟಲೆ ಕೂತ ಡಬ್ಬಿಯ ಮೇಲಿನ ಮಾತು ಹಾಗೆಯೇ ಉಳಿಯುತ್ತದೆ. ಚಿಕಿತ್ಸೆಯ ಸೂಚನೆಯನ್ನು ಕಡ್ಡಾಯಗೊಳಿಸುವ ಯಾವುದೇ ಸರ್ಕಾರ ಈ ತೊಂದರೆಯನ್ನು ಎದುರಿಸಲೇಬೇಕು.

ಪಟ್ಟಿಯಿಂದ ಗುಣಕ್ಕೆ

ಎರಡನೆಯ ಮಹಾಯುದ್ಧದ ನಂತರ ಮನೆಗೆ ಬಂದ ದ್ರಾವಕಗಳು, ಹೊಳಪು ದ್ರವಗಳು, ಶುಚಿಕಾರಕಗಳ ಮುಂದೆ ಹನ್ನೆರಡು ಹೆಸರುಗಳ ಪಟ್ಟಿ ತೀರ ಚಿಕ್ಕದಾಯಿತು. ಯಾವ ಸೀಸೆಯಲ್ಲಿ ಏನಿದೆ ಎಂಬುದು ಚಿಕಿತ್ಸೆ ಮಾಡುವ ವೈದ್ಯರಿಗೇ ತಿಳಿಯುತ್ತಿರಲಿಲ್ಲ. 1953ರಲ್ಲಿ ಶಿಕಾಗೋದಲ್ಲಿ ಮೊದಲ ವಿಷ ನಿಯಂತ್ರಣ ಕೇಂದ್ರ ಆರಂಭವಾದದ್ದರ ಹಿಂದೆ ಈ ಕೊರತೆಯೂ ಇತ್ತು. 1960ರ ಜುಲೈ 12ರಂದು ಜಾರಿಗೆ ಬಂದ ಒಕ್ಕೂಟದ ಅಪಾಯಕಾರಿ ವಸ್ತುಗಳ ಲೇಬಲ್ ಕಾಯ್ದೆ ಪಟ್ಟಿಯ ದಾರಿಯನ್ನು ಬಿಟ್ಟು ಗುಣದ ದಾರಿಯನ್ನು ಹಿಡಿಯಿತು. ವಸ್ತುವಿನ ಹೆಸರು ಏನೇ ಇರಲಿ, ಅದು ವಿಷಕಾರಿಯೋ, ದಾಹಕವೋ, ಉರಿ ತರುವಂಥದ್ದೋ, ತೀವ್ರ ಅಲರ್ಜಿ ಹುಟ್ಟಿಸುವಂಥದ್ದೋ, ಬೆಂಕಿ ಹತ್ತುವಂಥದ್ದೋ, ಒತ್ತಡ ಉಂಟುಮಾಡುವಂಥದ್ದೋ ಆಗಿದ್ದು, ರೂಢಿಯ ಅಥವಾ ಊಹಿಸಬಹುದಾದ ಬಳಕೆಯಲ್ಲಿ ಗಣನೀಯ ಗಾಯ ಅಥವಾ ಕಾಯಿಲೆಗೆ ಕಾರಣವಾಗಬಲ್ಲುದಾದರೆ ಅದು ಅಪಾಯಕಾರಿ ವಸ್ತು. ಊಹಿಸಬಹುದಾದ ಬಳಕೆಯೊಳಗೆ ಮಕ್ಕಳು ಅದನ್ನು ನುಂಗುವ ಸಾಧ್ಯತೆಯೂ ಸೇರಿದೆ ಎಂದು ವ್ಯಾಖ್ಯೆಯೇ ಸ್ಪಷ್ಟವಾಗಿ ಹೇಳಿತು.

ಇಡೀ ಕಾಯ್ದೆಯಲ್ಲಿ ನನಗೆ ಅತ್ಯಂತ ಮಹತ್ವದ್ದಾಗಿ ಕಾಣುವುದು ಆ ಮಾತು. ಮಗು ನುಂಗುವುದು ತಯಾರಕ ಬಯಸಿದ ಬಳಕೆಯಲ್ಲ. ಆದರೆ ಆತ ಮೊದಲೇ ಎಣಿಸಬೇಕಾದ ಸಂಗತಿ. ದೋಷವನ್ನು ತಾಯಿಯ ಅಜಾಗರೂಕತೆಯ ಮೇಲೆ ಹಾಕಿ ಕೈತೊಳೆದುಕೊಳ್ಳುವ ವಾದಕ್ಕೆ ಕಾನೂನು ಅಲ್ಲಿ ಬಾಗಿಲು ಮುಚ್ಚಿತು.

ಲೇಬಲ್ಲಿನ ಒಕ್ಕಣೆಯೂ ಬೆಳೆಯಿತು. ತೀವ್ರ ವಿಷ, ದಾಹಕ ಮತ್ತು ಅತಿ ಬೇಗ ಬೆಂಕಿ ಹತ್ತುವ ವಸ್ತುಗಳಿಗೆ 'ಅಪಾಯ' ಎಂಬ ಸಂಕೇತ ಪದ, ಉಳಿದವಕ್ಕೆ 'ಎಚ್ಚರಿಕೆ' ಅಥವಾ 'ಜಾಗ್ರತೆ'. ಜೊತೆಗೆ ಮುಖ್ಯ ಅಪಾಯ ಯಾವುದೆಂಬ ನೇರ ಹೇಳಿಕೆ, ಮುನ್ನೆಚ್ಚರಿಕೆ, ಪ್ರಥಮ ಚಿಕಿತ್ಸೆ, ಮಕ್ಕಳ ಕೈಗೆ ಸಿಗದಂತೆ ಇಡಿ ಎಂಬ ಮಾತು. ಈ ಕ್ರಮದಲ್ಲಿ ದಾಹಕ ವಸ್ತುವಿಗೆ ಸಿಗುವುದು 'ಅಪಾಯ' ಎಂಬ ಪದ ಮಾತ್ರ. 1927ರಿಂದ 'ವಿಷ' ಎಂಬ ಪದವನ್ನು ಹೊತ್ತುಬಂದ ಡಬ್ಬಿಗಳಿಂದ ಆ ಪದವನ್ನು ತೆಗೆದರೆ, ವಸ್ತು ಮೊದಲಿಗಿಂತ ಸೌಮ್ಯವಾಗಿದೆ ಎಂದು ಕೊಳ್ಳುವವರು ತಿಳಿದಾರು ಎಂಬ ಆತಂಕವಿತ್ತು. ಹೀಗಾಗಿ ಹಳೆಯ ಕಾಯ್ದೆ ಹೆಸರಿಸಿದ್ದ ವಸ್ತುಗಳು ಅದೇ ಹಳೆಯ ಸಾಂದ್ರತೆಯಲ್ಲಿದ್ದರೆ 'ವಿಷ' ಎಂಬ ಪದವನ್ನೇ ಹೊರಬೇಕು ಎಂಬ ನಿಯಮವನ್ನು ಉಳಿಸಿಕೊಳ್ಳಲಾಯಿತು. ಅದು ಇಂದಿಗೂ ಅಲ್ಲಿನ ನಿಯಮಾವಳಿಯಲ್ಲಿದೆ. ಶೇಕಡಾ 10 ಅಥವಾ ಹೆಚ್ಚು ಸೋಡಿಯಂ ಹೈಡ್ರಾಕ್ಸೈಡ್ ಇರುವ ಡಬ್ಬಿಯ ಮೇಲಿನ ಆ ಪದ ಜಾಕ್ಸನ್ ಅವರ ಕಾಲದಿಂದ ನೇರವಾಗಿ ಇಳಿದು ಬಂದದ್ದು.

ದ್ರವವಾದ ಲೈ

ಪ್ರಕರಣ ನಿಜವಾಗಿ ತಿರುವು ಪಡೆದದ್ದು 1960ರ ದಶಕದ ಕೊನೆಯಲ್ಲಿ, ಕಟ್ಟಿಕೊಂಡ ಕೊಳವೆ ಬಿಡಿಸುವ ಶುಚಿಕಾರಕಗಳು ಹರಳಿನ ಬದಲು ದ್ರವವಾಗಿ ಬರತೊಡಗಿದಾಗ. ಕೆಲವುಗಳಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಸುಮಾರು ಶೇಕಡಾ 30ರಷ್ಟಿತ್ತು. ಬಳಸುವವರಿಗೆ ಅದು ಅನುಕೂಲ: ಅಳೆಯಬೇಕಿಲ್ಲ, ಕರಗಿಸಬೇಕಿಲ್ಲ, ಸುರಿದರೆ ಆಯಿತು.

ಲೇಬಲ್ಲಿನ ಕಣ್ಣಿನಿಂದ ನೋಡಿದರೆ ಹರಳಿಗೂ ದ್ರವಕ್ಕೂ ವ್ಯತ್ಯಾಸವಿಲ್ಲ, ಎರಡೂ ದಾಹಕ, ಎರಡರ ಮೇಲೂ ಅದೇ ಪದಗಳು. ಮಗುವಿನ ದೇಹಕ್ಕೆ ಮಾತ್ರ ವ್ಯತ್ಯಾಸ ಅಪಾರವಾಗಿತ್ತು. ಹರಳು ನಾಲಿಗೆಗೂ ತುಟಿಗೂ ಅಂಟಿಕೊಳ್ಳುತ್ತದೆ. ತಕ್ಷಣ ಉರಿಯುವುದರಿಂದ ಮಗು ಚೀರಿ ಉಗುಳುತ್ತದೆ, ಗಾಯ ಬಾಯಲ್ಲೇ ಹೆಚ್ಚಾಗಿ, ಅನ್ನನಾಳದಲ್ಲಿ ತೇಪೆತೇಪೆಯಾಗಿ ಉಳಿಯುವ ಸಂಭವವಿದೆ. ವಾಸನೆಯಿಲ್ಲದ ದ್ರವವೋ, ಉಗುಳಬೇಕೆಂದು ತೋಚುವ ಮೊದಲೇ ಗುಟುಕಾಗಿ ಇಳಿದು ಅನ್ನನಾಳದ ಸುತ್ತಳತೆಯನ್ನೆಲ್ಲ ಆವರಿಸಿ ಹೊಟ್ಟೆಯವರೆಗೂ ಸುಡುತ್ತದೆ. 1971ರಲ್ಲಿ ಮಕ್ಕಳ ಶಸ್ತ್ರವೈದ್ಯ ಲೂಷಿಯನ್ ಲೀಪ್ ಮತ್ತು ಸಂಗಡಿಗರು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ದ್ರವರೂಪದ ಲೈಯಿಂದಾಗುವ ಹಾನಿಯ ತೀವ್ರತೆಯನ್ನು ಪ್ರಕಟಿಸಿದರು. ಹಿಗ್ಗಿಸಿ ಸರಿಪಡಿಸಲಾಗದಷ್ಟು ಕೆಟ್ಟ ಅನ್ನನಾಳದ ಬದಲಿಗೆ ದೊಡ್ಡ ಕರುಳಿನ ಒಂದು ಭಾಗವನ್ನು ಕೂರಿಸುವ ಶಸ್ತ್ರಚಿಕಿತ್ಸೆಯನ್ನು ಇಂಥ ಮಕ್ಕಳು ಎದುರಿಸಬೇಕಾಗುತ್ತಿತ್ತು.

ಈ ಸೀಸೆಗಳ ಮೇಲೆ ಲೇಬಲ್ ಇತ್ತು, ಅದು ಕಾನೂನಿನ ಪ್ರಕಾರವೇ ಇತ್ತು. ತಪ್ಪು ಲೇಬಲ್ಲಿನದಾಗಿದ್ದರೆ ಅದನ್ನು ತಿದ್ದಿ ಮುಗಿಸಬಹುದಿತ್ತು. ಸರಿಯಾದ ಲೇಬಲ್ ಇದ್ದೂ ಮಕ್ಕಳು ಸುಟ್ಟುಕೊಂಡರು ಎಂಬುದರಿಂದಲೇ ಇದನ್ನು ಅಧ್ಯಯನಕ್ಕೆ ಯೋಗ್ಯವಾದ ಪ್ರಕರಣ ಎನ್ನುತ್ತೇನೆ.

ಉತ್ತರ ಕೊಡಲು ಬೇಕಾದ ಅಧಿಕಾರ ಅದೃಷ್ಟವಶಾತ್ ಆಗಲೇ ಸಿದ್ಧವಾಗಿತ್ತು. 1966ರ ತಿದ್ದುಪಡಿ ಕಾಯ್ದೆಯ ಹೆಸರಿನಿಂದ ಲೇಬಲ್ ಎಂಬ ಮಾತನ್ನೇ ತೆಗೆದು, ಎಂಥ ಎಚ್ಚರಿಕೆ ಬರೆಸಿದರೂ ಜನರ ಆರೋಗ್ಯ ಕಾಯಲಾಗದು ಎಂದು ಕಂಡುಬಂದರೆ ಆ ವಸ್ತುವನ್ನು ನಿಷೇಧಿಸಬಹುದು ಎಂದು ಹೇಳಿತ್ತು. ಶೇಕಡಾ 10 ಅಥವಾ ಹೆಚ್ಚು ಸೋಡಿಯಂ ಅಥವಾ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಇರುವ ದ್ರವರೂಪದ ಕೊಳವೆ ಶುಚಿಕಾರಕಗಳು ಈ ಅಧಿಕಾರದ ಅಡಿಯಲ್ಲಿ ನಿಷೇಧಿತ ವಸ್ತುಗಳ ಸಾಲಿಗೆ ಸೇರಿದವು. ಮಕ್ಕಳು ಸುಲಭವಾಗಿ ತೆರೆಯಲಾಗದ ಪೊಟ್ಟಣದಲ್ಲಿದ್ದರೆ ಮಾತ್ರ ವಿನಾಯಿತಿ. ತಯಾರಕರಿಗೆ ಎರಡು ದಾರಿ ಉಳಿದವು: ಸಾಂದ್ರತೆ ತಗ್ಗಿಸುವುದು, ಇಲ್ಲವೇ ಮುಚ್ಚಳ ಬದಲಿಸುವುದು.

ಮುಚ್ಚಳದ ಪರೀಕ್ಷೆ

1970ರ ಡಿಸೆಂಬರ್ 30ರ ವಿಷ ತಡೆ ಪೊಟ್ಟಣ ಕಾಯ್ದೆ ಎರಡನೆಯ ದಾರಿಗೆ ಅಳತೆಗೋಲು ಒದಗಿಸಿತು. ಅದರ ಅಡಿಯ ನಿಯಮದಂತೆ ಪುಡಿ, ಹರಳು, ಚೂರಿನ ರೂಪದಲ್ಲಿ ಶೇಕಡಾ 10 ಅಥವಾ ಹೆಚ್ಚು ಕ್ಷಾರವಿರುವ, ಬೇರೆ ರೂಪಗಳಲ್ಲಿ ಶೇಕಡಾ 2 ಅಥವಾ ಹೆಚ್ಚಿರುವ ಮನೆಬಳಕೆಯ ವಸ್ತುಗಳಿಗೆ ವಿಶೇಷ ಮುಚ್ಚಳ ಕಡ್ಡಾಯ. ಹರಳಿಗೂ ದ್ರವಕ್ಕೂ ಬೇರೆ ಬೇರೆ ಗಡಿ ಹಾಕಿದ ಈ ನಿಯಮದಲ್ಲಿ, ಲೇಬಲ್ ಗುರುತಿಸದ ವ್ಯತ್ಯಾಸವನ್ನು ಪೊಟ್ಟಣದ ಕಾನೂನು ಗುರುತಿಸಿತು.

ಮುಚ್ಚಳ ಸಾಕಷ್ಟು ಗಟ್ಟಿಯೇ ಎಂಬುದನ್ನು ಮಕ್ಕಳ ಕೈಗೇ ಕೊಟ್ಟು ನೋಡಲಾಗುತ್ತದೆ. 42ರಿಂದ 51 ತಿಂಗಳ ವಯಸ್ಸಿನ ಮಕ್ಕಳಿಗೆ ಪೊಟ್ಟಣ ಕೊಟ್ಟು ಐದು ನಿಮಿಷ ಬಿಡುತ್ತಾರೆ. ಆಮೇಲೆ ತೆರೆಯುವ ಬಗೆಯನ್ನು ಮಾತಿಲ್ಲದೆ ಮಾಡಿ ತೋರಿಸಿ ಇನ್ನೂ ಐದು ನಿಮಿಷ ಕೊಡುತ್ತಾರೆ. ತೋರಿಸುವ ಮೊದಲು ಕನಿಷ್ಠ ಶೇಕಡಾ 85, ತೋರಿಸಿದ ನಂತರವೂ ಕನಿಷ್ಠ ಶೇಕಡಾ 80 ಮಕ್ಕಳಿಗೆ ಅದು ತೆರೆಯದೆ ಉಳಿಯಬೇಕು. ಅದೇ ಹೊತ್ತಿಗೆ ವಯಸ್ಕರಿಗೆ ಅದು ತೆರೆಯಬೇಕು, ಏಕೆಂದರೆ ಬಿಗಿಯಾದ ಮುಚ್ಚಳದಿಂದ ಬೇಸತ್ತವರು ಅದನ್ನು ತೆರೆದೇ ಇಡುತ್ತಾರೆ. 1990ರ ದಶಕದಲ್ಲಿ ಪರೀಕ್ಷೆಯನ್ನು ಬದಲಿಸಿ 50ರಿಂದ 70 ವರ್ಷದವರನ್ನು ಸೇರಿಸಿದ್ದು ಈ ಕಾರಣಕ್ಕಾಗಿ.

ಓದದ ಮಗುವಿಗೆ ತಿಳಿಯುವಂಥ ಲೇಬಲ್ ಮಾಡುವ ಪ್ರಯತ್ನವೂ ಇದೇ ಕಾಲದಲ್ಲಿ ನಡೆಯಿತು. ತಲೆಬುರುಡೆಯ ಚಿತ್ರ ಮಕ್ಕಳಿಗೆ ಕಡಲ್ಗಳ್ಳರ ಆಟವನ್ನು ನೆನಪಿಸುತ್ತದೆ ಎಂದು ಪಿಟ್ಸ್‌ಬರ್ಗ್‌ನ ಮಕ್ಕಳ ಆಸ್ಪತ್ರೆ 1971ರಲ್ಲಿ ಮುಖ ಸಿಂಡರಿಸಿದ ಹಸಿರು ಮೋರೆಯ ಸ್ಟಿಕರನ್ನು ಹೊರತಂದಿತು. ವಿಷ ನಿಯಂತ್ರಣ ಕೇಂದ್ರದ ದೂರವಾಣಿ ಸಂಖ್ಯೆಯನ್ನು ದೊಡ್ಡವರಿಗೆ ಪರಿಚಯಿಸುವುದರಲ್ಲಿ ಅದು ಉಪಯುಕ್ತವಾಯಿತು. ಆದರೆ ಚಿಕ್ಕ ಮಕ್ಕಳನ್ನು ಸೀಸೆಯಿಂದ ದೂರವಿಡುವಲ್ಲಿ ಅದು ಫಲಕಾರಿಯೆಂದು ಮುಂದಿನ ಅಧ್ಯಯನಗಳಲ್ಲಿ ಕಂಡುಬರಲಿಲ್ಲ.

ಉಳಿದ ಬಿರುಕುಗಳು

1973ರಲ್ಲಿ ಕೆಲಸ ಆರಂಭಿಸಿದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗಕ್ಕೆ ಎರಡೂ ಕಾಯ್ದೆಗಳ ಹೊಣೆ ವರ್ಗವಾಯಿತು. ಅದರ ಕೈಗೆ ಬಂದ ವ್ಯವಸ್ಥೆ ಪದ, ಮುಚ್ಚಳ, ಸಾಂದ್ರತೆ ಎಂಬ ಮೂರನ್ನೂ ಒಟ್ಟಿಗೆ ಬಳಸುವಂಥದ್ದು, ಮತ್ತು ಬಿಡಿಯಾಗಿ ಅವುಗಳಲ್ಲಿ ಯಾವುದೂ ಸಾಲದು ಎಂಬುದು ಪರೀಕ್ಷೆಯ ಅಂಕಿಗಳಿಂದಲೇ ಗೊತ್ತಾಗುತ್ತದೆ. ಪರೀಕ್ಷೆಯಲ್ಲಿ ಗೆದ್ದ ಮುಚ್ಚಳವನ್ನೂ ಐದರಲ್ಲಿ ಒಂದು ಮಗು ತೆರೆದಿರಬಹುದು. ಅದನ್ನು ಮಕ್ಕಳಿಂದ ಸಂಪೂರ್ಣ ಸುರಕ್ಷಿತ ಎಂದು ಭಾವಿಸಿ ಕೆಳಗಿನ ಕಪಾಟಿನಲ್ಲಿ ಇಡುವವರಿಗೆ ಈ ಸಂಗತಿಯನ್ನು ಯಾವ ಲೇಬಲ್ಲೂ ತಿಳಿಸುವುದಿಲ್ಲ. ತಿಳಿಸಬೇಕೆಂದು ನಾನು ಬಯಸುತ್ತೇನೆ.

ವಸ್ತುವನ್ನು ಬೇರೆ ಪಾತ್ರೆಗೆ ಸುರಿದಿಡುವುದು ಇನ್ನೊಂದು ತೊಡಕು. ಅಪಾಯಕಾರಿ ವಸ್ತುವನ್ನು ಆಹಾರದ ಬಳಸಿದ ಸೀಸೆಯಲ್ಲಿ ಅಥವಾ ಆಹಾರದ್ದೆಂದೇ ಗುರುತಾಗುವ ಪಾತ್ರೆಯಲ್ಲಿ ತುಂಬಿ ವ್ಯಾಪಾರಕ್ಕೆ ಬಿಡುವುದನ್ನು 1960ರ ಕಾಯ್ದೆ ನಿಷೇಧಿಸಿತು. ಅದೇ ಕೆಲಸವನ್ನು ಮನೆಯೊಳಗೆ ಒಬ್ಬರು ಮಾಡಿದರೆ, ಅರ್ಧ ಲೋಟ ಕ್ಷಾರವನ್ನು ತಂಪು ಪಾನೀಯದ ಬಾಟಲಿಗೆ ಸುರಿದು ಸಿಂಕಿನ ಪಕ್ಕ ಇಟ್ಟರೆ, ಪದವೂ ಮುಚ್ಚಳವೂ ಆ ಕ್ಷಣದಲ್ಲೇ ಕಳಚಿಹೋಗುತ್ತವೆ. ಉಳಿಯುವ ಒಂದೇ ರಕ್ಷಣೆ ದ್ರವದ ದುರ್ಬಲತೆ. ಈ ಕಾರಣದಿಂದ ಸಾಂದ್ರತೆಯ ಮಿತಿಯನ್ನು ಮೂರರಲ್ಲಿ ಅತ್ಯಂತ ಭರವಸೆಯದ್ದೆಂದು ನಾನು ಎಣಿಸುತ್ತೇನೆ. ಮುಚ್ಚಳದ ವಿನಾಯಿತಿಯ ನೆವದಲ್ಲಿ ಹೆಚ್ಚಿನ ಸಾಂದ್ರತೆಗೆ ಅವಕಾಶ ಉಳಿಸಿದ್ದು ಆ ನಿಷೇಧದ ದುರ್ಬಲ ಭಾಗ.

ವೃತ್ತಿಪರರ ಬಳಕೆಗೆ ಮಾತ್ರ ಎಂದು ಬರೆದು ಮನೆಬಳಕೆಯ ನಿಯಮಗಳಿಂದ ನುಣುಚಿಕೊಳ್ಳುವ ಹಾದಿಯನ್ನು ನಿಯಮಾವಳಿ ಮೊದಲೇ ಊಹಿಸಿತ್ತು. ಕೊಳ್ಳುವ, ಇಡುವ, ಬಳಸುವ ಯಾವುದೇ ಊಹಿಸಬಹುದಾದ ಸಂದರ್ಭದಲ್ಲಿ ವಸ್ತು ಮನೆಯೊಳಗೆ ಅಥವಾ ಅದರ ಸುತ್ತ, ಗ್ಯಾರೇಜು ಮತ್ತು ಕೊಟ್ಟಿಗೆಯೂ ಸೇರಿ, ಇರಬಹುದೇ ಎಂಬುದೇ ಅಲ್ಲಿನ ಒರೆಗಲ್ಲು. ತಯಾರಕ ಯಾರನ್ನು ಉದ್ದೇಶಿಸಿ ಬರೆದಿದ್ದಾನೆ ಎಂಬುದಲ್ಲ. ಯಾರು ಬೇಕಾದರೂ ಹೋಗಿ ಕೊಳ್ಳಬಹುದಾದ ಅಂಗಡಿಯ ಕಪಾಟಿನಲ್ಲಿರುವ ಸೀಸೆಗೆ, ಅದರ ಮೇಲೆ ಏನೇ ಬರೆದಿದ್ದರೂ, ಮನೆಬಳಕೆಯ ವಸ್ತುವಿನ ಎಲ್ಲ ನಿಯಮಗಳೂ ಅನ್ವಯಿಸುತ್ತವೆ.